ಉಸಿರಾಟದ ಪಾಠದಲ್ಲಿ ಅಸ್ತಮಾ ಮತ್ತು ರಾತ್ರಿಯ ಉಸಿರಾಟ ಯಂತ್ರ: ತಿದ್ದಿ ಕಲಿಸಿದ ಒಂದು ಪಾಠ

ಹಿನ್ನೆಲೆ

ಬೋಧನಾಭ್ಯಾಸದ ಮೂರನೇ ವಾರ ನನಗೆ ಹತ್ತನೇ ತರಗತಿಯ ‘ಜೀವಕ್ರಿಯೆಗಳು’ ಘಟಕದಲ್ಲಿ ಉಸಿರಾಟದ ಭಾಗ ಬಂದಿತ್ತು. ಮೂಗಿನ ಹೊಳ್ಳೆಯಿಂದ ಗಾಳಿಗೂಡಿನವರೆಗೆ ಗಾಳಿ ಸಾಗುವ ದಾರಿಯನ್ನು ಚಿತ್ರಪಟದಲ್ಲಿ ತೋರಿಸಿದೆ. ವಪೆಯ ಚಲನೆಯನ್ನು ವಿವರಿಸಿದೆ. ಯೋಜನೆಗಿಂತ ಐದು ನಿಮಿಷ ಮೊದಲೇ ಪಾಠ ಮುಗಿಯಿತು. ‘ಏನಾದರೂ ಕೇಳುವುದಿದೆಯಾ?’ ಎಂದೆ. ಎರಡನೇ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು.

“ಮಿಸ್, ನಮ್ಮಮ್ಮಂಗೆ ಅಸ್ತಮಾ ಇದೆ. ರಾತ್ರಿ ಮೂಗಿಗೆ ಒಂದು ಮಿಷನ್ ಹಾಕ್ಕೊಂಡು ಮಲಗ್ತಾರೆ. ಅದು ಆಕ್ಸಿಜನ್ ಕೊಡತ್ತಲ್ವಾ? ಕರೆಂಟ್ ಹೋದ್ರೆ ಏನಾಗತ್ತೆ?”

“ಹೌದು, ಅದು ಆಕ್ಸಿಜನ್ ಮಿಷನ್. ಕರೆಂಟ್ ಹೋದರೆ ಉಸಿರಾಡೋದು ಕಷ್ಟ ಆಗುತ್ತೆ, ಹುಷಾರಾಗಿರಬೇಕು” ಎಂದುಬಿಟ್ಟೆ. ಅಷ್ಟರಲ್ಲಿ ಗಂಟೆ ಹೊಡೆಯಿತು.

ಪಾಠ ವೀಕ್ಷಿಸುತ್ತಿದ್ದ ಮಾರ್ಗದರ್ಶಕ ಶಿಕ್ಷಕಿ ಹೊರಗೆ ಬಂದು ಎರಡು ಮಾತು ಹೇಳಿದರು. ಮೊದಲನೆಯದು: “ಗೊತ್ತಿಲ್ಲದಿದ್ದರೆ ‘ನೋಡಿ ಹೇಳ್ತೀನಿ’ ಅನ್ನಬಹುದಿತ್ತಲ್ಲಮ್ಮಾ.” ಎರಡನೆಯದು: “ಆ ಹುಡುಗಿ ಈಚೆಗೆ ಮೊದಲನೇ ಪೀರಿಯಡ್‌ನಲ್ಲಿ ತೂಕಡಿಸ್ತಾಳೆ. ಕೇಳಿದರೆ, ರಾತ್ರಿ ಅಮ್ಮನ ಪಕ್ಕ ಕೂತು ಮಿಷನ್ ನಿಂತೀತೇನೋ ಅಂತ ಕಾಯ್ತಾ ಇರ್ತೀನಿ ಅಂದಳು.”

ನನ್ನ ಉತ್ತರ ತಪ್ಪಾಗಿತ್ತು. ಮನೆಗೆ ಹೋಗಿ ಆ ರಾತ್ರಿಯೂ ಅವಳು ಎದ್ದು ಕೂರಲು ನಾನೇ ಕಾರಣ ಕೊಟ್ಟಂತಾಗಿತ್ತು. ಮಾರ್ಗದರ್ಶಕರ ಅನುಮತಿ ಪಡೆದು, ಎರಡು ದಿನ ಓದಿ, ನಮ್ಮ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಲ್ಲಿ ಅನುಮಾನ ಪರಿಹರಿಸಿಕೊಂಡು ಅದೇ ತರಗತಿಗೆ ಪೂರಕ ಪಾಠವೊಂದನ್ನು ಮಾಡಿದೆ. ಅದರ ವಿಷಯ ಸಿದ್ಧತೆ, ಪಾಠದ ಹಂತಗಳು ಮತ್ತು ಅವಲೋಕನ ಇಲ್ಲಿವೆ.

ವಿಷಯ ಸಿದ್ಧತೆ

1. ಅಸ್ತಮಾ ಎಲ್ಲಿ ಆಗುತ್ತದೆ?

ನಮ್ಮ ಕಡೆ ಉಬ್ಬಸ, ಗೂರಲು, ದಮ್ಮು ಎಂದು ಕರೆಯುವ ಕಾಯಿಲೆಗಳಲ್ಲಿ ಅಸ್ತಮಾವೂ ಒಂದು. ಇದು ಶ್ವಾಸಕೋಶದೊಳಗಿನ ಸಣ್ಣ ಗಾಳಿಕೊಳವೆಗಳ ತೊಂದರೆ. ಅಲ್ಲಿ ಮೂರು ಸಂಗತಿಗಳು ಒಟ್ಟಿಗೆ ನಡೆಯುತ್ತವೆ. ಕೊಳವೆಯ ಒಳಪದರ ಉರಿಯೂತದಿಂದ ಊದಿಕೊಳ್ಳುತ್ತದೆ. ಸುತ್ತಲಿನ ನಯವಾದ ಸ್ನಾಯು ಬಿಗಿಯುತ್ತದೆ. ಲೋಳೆ ಹೆಚ್ಚಾಗಿ ಉಳಿದ ಜಾಗವನ್ನೂ ಆವರಿಸುತ್ತದೆ. ಉಸಿರು ಬಿಡುವಾಗ ಕೊಳವೆಗಳು ಸಹಜವಾಗಿಯೇ ಸ್ವಲ್ಪ ಕಿರಿದಾಗುವುದರಿಂದ, ಅಸ್ತಮಾ ಇದ್ದವರಿಗೆ ಉಸಿರು ಎಳೆದುಕೊಳ್ಳುವುದಕ್ಕಿಂತ ಬಿಡುವುದೇ ಹೆಚ್ಚು ಕಷ್ಟ. ಎದೆಯಲ್ಲಿ ಕೇಳಿಸುವ ಸುಯ್ಯೆನ್ನುವ ಶಬ್ದ ಕಿರಿದಾದ ಕೊಳವೆಗಳಲ್ಲಿ ನುಗ್ಗುವ ಗಾಳಿಯದು. ಬಿಡಬೇಕಾದ ಗಾಳಿ ಒಳಗೇ ಉಳಿದುಕೊಳ್ಳುವುದರಿಂದ ಹೊಸ ಗಾಳಿಗೆ ಜಾಗ ಸಾಲದು. ‘ಅಸ್ತಮಾ ಎಂದರೆ ಆಕ್ಸಿಜನ್ ಕೊರತೆ’ ಎಂದು ನಾನೂ ತಿಳಿದಿದ್ದೆ. ತೊಂದರೆ ಶುರುವಾಗುವುದು ಕೊಳವೆಯಲ್ಲಿ. ಆಕ್ಸಿಜನ್ ಇಳಿಯುವುದು ಅದು ತೀವ್ರವಾದಾಗ ಬರುವ ಪರಿಣಾಮ.

ಕೊಳವೆ ಸ್ವಲ್ಪ ಕಿರಿದಾದರೆ ಇಷ್ಟು ಕಷ್ಟವೇಕೆ ಎಂಬುದಕ್ಕೆ ಭೌತಶಾಸ್ತ್ರದಲ್ಲಿ ಉತ್ತರವಿದೆ. ಗಾಳಿ ನಯವಾಗಿ ಹರಿಯುವಾಗ ಕೊಳವೆ ಒಡ್ಡುವ ತಡೆ ಅದರ ತ್ರಿಜ್ಯದ ನಾಲ್ಕನೇ ಘಾತಕ್ಕೆ ವಿಲೋಮವಾಗಿರುತ್ತದೆ. ತ್ರಿಜ್ಯ ಅರ್ಧವಾದರೆ ತಡೆ 2×2×2×2, ಅಂದರೆ 16 ಪಟ್ಟು ಆಗುತ್ತದೆ.

2. ರಾತ್ರಿಯೇ ಏಕೆ ಹೆಚ್ಚು?

ಇದು ಹೊಸ ಗಮನಿಕೆಯಲ್ಲ. ಚರಕ ಸಂಹಿತೆಯಲ್ಲಿ ‘ತಮಕ ಶ್ವಾಸ’ವನ್ನು ವಿವರಿಸುವಾಗ, ರೋಗಿಗೆ ಮಲಗಿದರೆ ಬಾಧೆ ಹೆಚ್ಚು, ಕುಳಿತರೆ ನೆಮ್ಮದಿ ಎಂದು ಹೇಳಿದೆ. ಇಂದು ಕಾರಣಗಳು ಹೆಚ್ಚು ಸ್ಪಷ್ಟವಾಗಿವೆ. ಎಲ್ಲರ ಗಾಳಿಕೊಳವೆಗಳೂ ಹಗಲಿಗಿಂತ ರಾತ್ರಿ ಸ್ವಲ್ಪ ಕಿರಿದಾಗುತ್ತವೆ. ಬೆಳಗಿನ ಜಾವ ನಾಲ್ಕರ ಹೊತ್ತಿಗೆ ಅತಿ ಕಿರಿದಾಗಿರುತ್ತವೆ. ಆರೋಗ್ಯವಂತರಿಗೆ ಇದು ಗೊತ್ತೇ ಆಗುವುದಿಲ್ಲ, ಅಸ್ತಮಾ ಇದ್ದವರಲ್ಲಿ ಈ ಏರಿಳಿತ ದೊಡ್ಡದು. ಉರಿಯೂತವನ್ನು ಹತೋಟಿಯಲ್ಲಿಡುವ ಕಾರ್ಟಿಸಾಲ್ ಹಾರ್ಮೋನ್ ನಡುರಾತ್ರಿಯ ಹೊತ್ತಿಗೆ ಕಡಿಮೆ ಇರುತ್ತದೆ. ಮಲಗಿದಾಗ ಹೊಟ್ಟೆಯ ಆಮ್ಲ ಮೇಲೆ ಬಂದು ಕೆಲವರಿಗೆ ಕೆರಳಿಸುತ್ತದೆ. ದಿಂಬು, ಹಾಸಿಗೆ, ಕಂಬಳಿಗಳಲ್ಲಿ ಧೂಳುನುಸಿಗಳಿರುತ್ತವೆ. ಅವು ಉದುರಿದ ಚರ್ಮದ ಚೂರುಗಳನ್ನು ತಿಂದು ಬದುಕುತ್ತವೆ. ಇದರ ಜೊತೆಗೆ ನಮ್ಮ ಮನೆಗಳಲ್ಲಿ ಮುಚ್ಚಿದ ಕೋಣೆಯಲ್ಲಿ ಹಚ್ಚಿಡುವ ಸೊಳ್ಳೆ ಬತ್ತಿಯ ಹೊಗೆ.

ವೈದ್ಯರು ಅಸ್ತಮಾ ಹತೋಟಿಯಲ್ಲಿದೆಯೇ ಎಂದು ತಿಳಿಯಲು ಕೇಳುವ ನಾಲ್ಕು ಪ್ರಶ್ನೆಗಳಲ್ಲಿ ಒಂದು, ಕಳೆದ ನಾಲ್ಕು ವಾರಗಳಲ್ಲಿ ಅಸ್ತಮಾದಿಂದ ರಾತ್ರಿ ಎಚ್ಚರವಾಗಿದೆಯೇ ಎಂಬುದು. ಒಂದು ರಾತ್ರಿ ಎಚ್ಚರವಾಗಿದ್ದರೂ ಲೆಕ್ಕಕ್ಕೆ ಬರುತ್ತದೆ. ‘ಉಬ್ಬಸ ಅಂದಮೇಲೆ ರಾತ್ರಿ ಕೆಮ್ಮು ಇದ್ದದ್ದೇ’ ಎಂದು ಸುಮ್ಮನಿರುವುದು ಸರಿಯಲ್ಲ. ಔಷಧಿಯನ್ನು ಮತ್ತೆ ನೋಡಬೇಕೆಂಬ ಸೂಚನೆ ಅದು.

ನಮ್ಮ ರಾಜ್ಯದ ಮಟ್ಟಿಗೆ ಇದು ಸಣ್ಣ ವಿಷಯವಲ್ಲ. ಬೆಂಗಳೂರಿನ ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ಅವರು ಆಸ್ಪತ್ರೆಗೆ ಬಂದ ಮಕ್ಕಳಲ್ಲಿ ನಡೆಸಿದ ಅಧ್ಯಯನದಲ್ಲಿ ಅಸ್ತಮಾ ಇದ್ದವರ ಪ್ರಮಾಣ 1979ರಲ್ಲಿ ಶೇ. 9 ಇದ್ದದ್ದು 1999ಕ್ಕೆ ಶೇ. 29.5 ಆಗಿತ್ತು. ಇದು ಆಸ್ಪತ್ರೆಗೆ ಬಂದವರ ಲೆಕ್ಕ, ಊರಿನ ಎಲ್ಲ ಮಕ್ಕಳದ್ದಲ್ಲ ಎಂಬುದನ್ನು ತರಗತಿಯಲ್ಲಿ ಹೇಳಲೇಬೇಕು. ಆದರೂ ಏರಿಕೆ ದೊಡ್ಡದು.

3. ನಿದ್ರೆಯ ಯಂತ್ರ ಅಸ್ತಮಾಕ್ಕಲ್ಲ

ನನ್ನ ದೊಡ್ಡ ತಪ್ಪು ಇದ್ದದ್ದು ಇಲ್ಲಿ. ಮೂಗಿಗೆ ಮಾಸ್ಕ್ ಹಾಕಿ, ಉದ್ದನೆಯ ಕೊಳವೆಯಿಂದ ಗಾಳಿ ಕೊಡುವ ಯಂತ್ರದ ಹೆಸರು ಸಿಪ್ಯಾಪ್. ಅದು ಮುಖ್ಯವಾಗಿ ‘ನಿದ್ರಾ ಉಸಿರುಕಟ್ಟು’ ಎಂಬ ಬೇರೆಯೇ ತೊಂದರೆಗೆ ಇರುವ ಸಾಧನ. ನಿದ್ದೆ ಬಂದಾಗ ಗಂಟಲಿನ ಸ್ನಾಯುಗಳು ಸಡಿಲವಾಗುತ್ತವೆ. ಕೆಲವರಲ್ಲಿ ಗಂಟಲಕುಳಿಯ ಗೋಡೆಗಳು ಒಂದಕ್ಕೊಂದು ಅಂಟಿಕೊಂಡು ದಾರಿ ಮುಚ್ಚುತ್ತದೆ. ಗೊರಕೆ ನಿಲ್ಲುತ್ತದೆ, ಉಸಿರೂ ನಿಲ್ಲುತ್ತದೆ. ಮಿದುಳು ಎಚ್ಚರಿಸಿದಾಗ ಒಮ್ಮೆ ಜೋರಾಗಿ ಉಸಿರೆಳೆದು ಮತ್ತೆ ನಿದ್ದೆ. ಹತ್ತು ಸೆಕೆಂಡಿಗಿಂತ ಹೆಚ್ಚು ಹೊತ್ತಿನ ಇಂಥ ತಡೆಗಳನ್ನು ನಿದ್ರಾ ಪರೀಕ್ಷೆಯಲ್ಲಿ ಎಣಿಸುತ್ತಾರೆ. ಪೂರ್ತಿ ಮತ್ತು ಭಾಗಶಃ ತಡೆಗಳು ಸೇರಿ ಗಂಟೆಗೆ 5ರಿಂದ 15 ಆದರೆ ಸೌಮ್ಯ, 30 ದಾಟಿದರೆ ತೀವ್ರ. ಇಂಥವರಿಗೆ ರಾತ್ರಿಯೆಲ್ಲ ಮಲಗಿದರೂ ಹಗಲಿಡೀ ತೂಕಡಿಕೆ.

ಸಿಪ್ಯಾಪ್ ಯಂತ್ರದಲ್ಲಿರುವುದು ಒಂದು ಸಣ್ಣ ಗಾಳಿಯಂತ್ರ. ಕೋಣೆಯ ಗಾಳಿಯನ್ನೇ ಸೋಸಿ, ಸ್ವಲ್ಪ ಒತ್ತಡ ಕೊಟ್ಟು, ಮಾಸ್ಕಿಗೆ ಕಳಿಸುತ್ತದೆ. ಆ ಒತ್ತಡ ಗಂಟಲಿನ ಮೆದು ಗೋಡೆಗಳನ್ನು ತೆರೆದಿಡುತ್ತದೆ. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಕಾಲಿನ್ ಸಲ್ಲಿವಾನ್ ಮತ್ತು ಸಂಗಡಿಗರು ಇದನ್ನು ಐವರು ರೋಗಿಗಳಲ್ಲಿ ಪ್ರಯೋಗಿಸಿ 1981ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು.

ಹಾಗಾದರೆ ಅಸ್ತಮಾ ಇದ್ದ ತಾಯಿಗೆ ಇದೇಕೆ? ಎರಡೂ ತೊಂದರೆಗಳು ಒಬ್ಬರಲ್ಲೇ ಇರುವುದು ಅಪರೂಪವಲ್ಲ. ಗಂಟಲು ಮುಚ್ಚುವುದು ಮೇಲಿನ ದಾರಿಯಲ್ಲಿ, ಅಸ್ತಮಾ ಕೆಳಗಿನ ದಾರಿಯಲ್ಲಿ. ಮೇಲಿನದು ಸರಿಹೋದರೆ ಕೆಲವರಿಗೆ ರಾತ್ರಿಯ ಅಸ್ತಮಾವೂ ಹಗುರಾಗುತ್ತದೆ. ಆದರೆ ಸಿಪ್ಯಾಪ್ ಇದೆಯೆಂದು ಅಸ್ತಮಾದ ಇನ್‌ಹೇಲರ್ ಬಿಡುವಂತಿಲ್ಲ.

ಮಕ್ಕಳು, ನಮ್ಮಂಥ ಪ್ರಶಿಕ್ಷಣಾರ್ಥಿಗಳೂ ಸೇರಿ, ಒಂದೇ ಎಂದು ತಿಳಿಯುವ ನಾಲ್ಕು ಸಾಧನಗಳು ಇವು:

ಇನ್‌ಹೇಲರ್: ಔಷಧಿಯನ್ನು ನೇರವಾಗಿ ಗಾಳಿಕೊಳವೆಗೆ ಕೊಡುತ್ತದೆ. ಸಾಲ್ಬುಟಮಾಲ್‌ನಂಥವು ಬಿಗಿದ ಸ್ನಾಯುವನ್ನು ಬೇಗ ಸಡಿಲಿಸುತ್ತವೆ. ಬುಡೆಸೊನೈಡ್‌ನಂಥ ಸ್ಟಿರಾಯ್ಡ್‌ಗಳು ಉರಿಯೂತವನ್ನು ದಿನದಿನವೂ ತಗ್ಗಿಸುತ್ತವೆ.

ನೆಬ್ಯುಲೈಸರ್: ದ್ರವ ಔಷಧಿಯನ್ನು ಮಂಜಿನಂತೆ ಮಾಡಿ ಕೊಡುತ್ತದೆ. ಔಷಧಿ ಮುಗಿದರೆ ಅದರ ಕೆಲಸವೂ ಮುಗಿಯಿತು.

ಆಕ್ಸಿಜನ್ ಕಾನ್ಸೆಂಟ್ರೇಟರ್: ಗಾಳಿಯಲ್ಲಿನ ನೈಟ್ರೋಜನ್ ಅನ್ನು ಜಿಯೋಲೈಟ್ ಎಂಬ ವಸ್ತುವಿನಿಂದ ಹಿಡಿದಿಟ್ಟು ಆಕ್ಸಿಜನ್ ಪ್ರಮಾಣ ಹೆಚ್ಚಿಸುತ್ತದೆ. ಕೋವಿಡ್ ಸಮಯದಲ್ಲಿ ಎಲ್ಲರೂ ಇದರ ಹೆಸರು ಕೇಳಿದ್ದೇವೆ.

ಸಿಪ್ಯಾಪ್: ಔಷಧಿಯನ್ನೂ ಹೆಚ್ಚುವರಿ ಆಕ್ಸಿಜನ್ ಅನ್ನೂ ಕೊಡುವುದಿಲ್ಲ. ಕೊಡುವುದು ಒತ್ತಡ ಮಾತ್ರ. ಅದರ ಗಾಳಿಯಲ್ಲೂ ಆಕ್ಸಿಜನ್ ಸುಮಾರು ಶೇ. 21, ನಮ್ಮ ತರಗತಿಯ ಗಾಳಿಯಲ್ಲಿರುವಷ್ಟೇ.

4. ಕರೆಂಟ್ ಹೋದರೆ?

ಸಿಪ್ಯಾಪ್ ನಿಲ್ಲುತ್ತದೆ, ಉಸಿರಾಟ ನಿಲ್ಲುವುದಿಲ್ಲ. ಉಸಿರಾಡುವುದು ವ್ಯಕ್ತಿಯೇ. ಯಂತ್ರ ದಾರಿಯನ್ನು ತೆರೆದಿಡುತ್ತದೆ, ಅಷ್ಟೆ. ಮಾಸ್ಕಿನಲ್ಲಿ ಗಾಳಿ ಹೊರಹೋಗಲು ಸದಾ ತೆರೆದ ಸಣ್ಣ ರಂಧ್ರಗಳಿರುತ್ತವೆ. ಮೂಗು ಬಾಯಿ ಎರಡನ್ನೂ ಮುಚ್ಚುವ ಮಾಸ್ಕಿನಲ್ಲಿ ಒತ್ತಡ ನಿಂತ ಕೂಡಲೇ ಹೊರಗಿನ ಗಾಳಿಗೆ ತೆರೆದುಕೊಳ್ಳುವ ಕವಾಟ ಇರುತ್ತದೆ. ಗಾಳಿ ನಿಂತರೆ ಸಾಮಾನ್ಯವಾಗಿ ಎಚ್ಚರವಾಗುತ್ತದೆ. ಮಾಸ್ಕ್ ತೆಗೆದಿಟ್ಟು, ಒಂದು ಮಗ್ಗುಲಿಗೆ ಮಲಗಬಹುದು. ಆ ಹೊತ್ತು ಗೊರಕೆ, ಉಸಿರುಕಟ್ಟು ಮರಳಬಹುದು. ಯಂತ್ರ ಬರುವ ಮೊದಲಿನ ರಾತ್ರಿಗಳಂತೆ ಅದೂ ಒಂದು ರಾತ್ರಿ. ಆದರೆ ಮನೆಯಲ್ಲಿ ವೆಂಟಿಲೇಟರ್ ಅಥವಾ ಆಕ್ಸಿಜನ್ ಮೇಲೆ ಇರುವವರ ಮಾತು ಬೇರೆ. ಅವರಿಗೆ ಬದಲಿ ವ್ಯವಸ್ಥೆ ಇರಲೇಬೇಕು. ಮನೆಯಲ್ಲಿರುವ ಯಂತ್ರ ಯಾವುದೆಂದು ವೈದ್ಯರನ್ನೇ ಕೇಳಿ ತಿಳಿದುಕೊಳ್ಳಬೇಕು ಎಂಬ ಮಾತನ್ನೂ ಪಾಠದಲ್ಲಿ ಸೇರಿಸಿಕೊಂಡೆ.

ಪಾಠ ಯೋಜನೆ

ತರಗತಿ: ಹತ್ತು. ಅವಧಿ: 40 ನಿಮಿಷ.

ಕಲಿಕಾ ಫಲಗಳು: ವಿದ್ಯಾರ್ಥಿಗಳು (ಅ) ಗಾಳಿ ಸಾಗುವ ದಾರಿಯಲ್ಲಿ ಅಸ್ತಮಾ ಮತ್ತು ನಿದ್ರಾ ಉಸಿರುಕಟ್ಟು ಆಗುವ ಸ್ಥಳಗಳನ್ನು ಗುರುತಿಸುತ್ತಾರೆ, (ಆ) ಕೊಳವೆಯ ಅಗಲಕ್ಕೂ ತಡೆಗೂ ಇರುವ ಸಂಬಂಧವನ್ನು ಪ್ರಯೋಗದಿಂದ ಹೇಳುತ್ತಾರೆ, (ಇ) ಔಷಧಿ, ಆಕ್ಸಿಜನ್ ಮತ್ತು ಒತ್ತಡ ಕೊಡುವ ಸಾಧನಗಳನ್ನು ಬೇರ್ಪಡಿಸುತ್ತಾರೆ, (ಈ) ಉಬ್ಬಸ ಬಂದ ಸಹಪಾಠಿಗೆ ಮಾಡಬೇಕಾದ ಸಹಾಯವನ್ನು ವಿವರಿಸುತ್ತಾರೆ.

ಸಾಮಗ್ರಿ: ಬಲೂನು, ಎಳನೀರು ಕುಡಿಯುವ ದಪ್ಪ ಸ್ಟ್ರಾ, ತುದಿ ತೆಗೆದು ತೊಳೆದ ಖಾಲಿ ಪೆನ್ ರೀಫಿಲ್, ಐಸ್ ಕ್ಯಾಂಡಿಯ ತೆಳು ಪ್ಲಾಸ್ಟಿಕ್ ಕೊಳವೆ, ನೀರು ತುಂಬಿದ ಪಾರದರ್ಶಕ ಬಾಟಲಿ, ಸ್ಕೇಲು. ಒಟ್ಟು ಖರ್ಚು ಐವತ್ತು ರೂಪಾಯಿಯೊಳಗೆ.

ಪಾಠದ ಹಂತಗಳು

ತೊಡಗಿಸಿಕೊಳ್ಳುವಿಕೆ: ಪಾಠವನ್ನು ತಪ್ಪೊಪ್ಪಿಗೆಯಿಂದ ಆರಂಭಿಸಿದೆ. “ಹೋದ ತರಗತಿಯಲ್ಲಿ ಒಂದು ಪ್ರಶ್ನೆಗೆ ನಾನು ತಪ್ಪು ಉತ್ತರ ಕೊಟ್ಟೆ. ಇವತ್ತು ಅದನ್ನು ಸರಿ ಮಾಡೋಣ.” ಪ್ರಶ್ನೆ ಯಾರದೆಂದು ಹೇಳಲಿಲ್ಲ, ಆ ಹುಡುಗಿಯ ಕಡೆ ನೋಡಲೂ ಇಲ್ಲ. ಕಪ್ಪುಹಲಗೆಯ ಮೇಲೆ ಬರೆದೆ: ‘ರಾತ್ರಿ ಹಾಕಿಕೊಳ್ಳುವ ಯಂತ್ರ ಏನನ್ನು ಕೊಡುತ್ತದೆ?’ ಉತ್ತರಗಳು ಬಂದವು: ಆಕ್ಸಿಜನ್, ಔಷಧಿ, ತಂಪು ಗಾಳಿ. ಮೂರನ್ನೂ ಬರೆದು ಹಾಗೇ ಬಿಟ್ಟೆ.

ಅನ್ವೇಷಣೆ 1: ಒಂದೇ ಅಳತೆಗೆ ಊದಿದ ಎರಡು ಬಲೂನು. ಒಂದರ ಬಾಯಿಗೆ ದಪ್ಪ ಸ್ಟ್ರಾ, ಇನ್ನೊಂದಕ್ಕೆ ರೀಫಿಲ್. ಮಕ್ಕಳು ಎಣಿಸುತ್ತಾ ಗಾಳಿ ಬಿಟ್ಟರು. ಸ್ಟ್ರಾ ಇದ್ದ ಬಲೂನು ಮೂರು ಎಣಿಸುವಷ್ಟರಲ್ಲಿ ಬತ್ತಿತು. ರೀಫಿಲ್ ಇದ್ದದ್ದು ನಲವತ್ತು ದಾಟಿದರೂ ಬತ್ತಲಿಲ್ಲ. “ಬಿಡೋದೇ ಕಷ್ಟ ಅಂದ್ರೆ ಇದೇನಾ ಮಿಸ್?” ಎಂದು ಹಿಂದಿನ ಬೆಂಚಿನ ಹುಡುಗ ಕೇಳಿದ. 16 ಪಟ್ಟಿನ ಲೆಕ್ಕವನ್ನು ಅವನಿಂದಲೇ ಹಲಗೆಯ ಮೇಲೆ ಮಾಡಿಸಿದೆ.

ಅನ್ವೇಷಣೆ 2: ಎರಡೂ ತುದಿ ಕತ್ತರಿಸಿದ ಐಸ್ ಕ್ಯಾಂಡಿ ಕೊಳವೆಯನ್ನು ಬಾಯಿಗಿಟ್ಟು ಗಾಳಿ ಎಳೆದರೆ ಅದು ಚಪ್ಪಟೆಯಾಗಿ ಮುಚ್ಚಿಕೊಳ್ಳುತ್ತದೆ. ಇನ್ನೊಂದು ತುದಿಯಿಂದ ಗೆಳೆಯನೊಬ್ಬ ಬಲೂನಿನ ಗಾಳಿ ಬಿಟ್ಟರೆ ಉಬ್ಬಿ ತೆರೆದುಕೊಳ್ಳುತ್ತದೆ. ನಿದ್ದೆಯಲ್ಲಿ ಗಂಟಲು ಮುಚ್ಚುವುದೂ, ಯಂತ್ರ ಅದನ್ನು ತೆರೆದಿಡುವುದೂ ಇಲ್ಲಿ ಕಣ್ಣಿಗೆ ಕಾಣುತ್ತದೆ.

ಅನ್ವೇಷಣೆ 3: ಆ ಒತ್ತಡ ಎಷ್ಟು? ಸಿಪ್ಯಾಪ್ ಒತ್ತಡವನ್ನು ನೀರಿನ ಸೆಂಟಿಮೀಟರ್‌ಗಳಲ್ಲಿ ಹೇಳುತ್ತಾರೆ, ಸಾಮಾನ್ಯವಾಗಿ 4ರಿಂದ 20. ಸ್ಕೇಲಿನಿಂದ ಅಳೆದು, ಸ್ಟ್ರಾವನ್ನು ಬಾಟಲಿಯ ನೀರಿನಲ್ಲಿ 10 ಸೆಂ.ಮೀ. ಮುಳುಗಿಸಿ ಊದಲು ಹೇಳಿದೆ. ಗುಳ್ಳೆ ಹೊರಬರಲು ಬೇಕಾದ ಒತ್ತಡವೇ 10 ಸೆಂ.ಮೀ. ನೀರಿನ ಒತ್ತಡ. ಲೆಕ್ಕ ಹಾಕಿದರೆ 0.1 × 1000 × 9.8 = 980 ಪಾಸ್ಕಲ್. ವಾತಾವರಣದ ಒತ್ತಡ ಸುಮಾರು 1,01,300 ಪಾಸ್ಕಲ್. ಅಂದರೆ ಅದರ ಸುಮಾರು ನೂರರಲ್ಲಿ ಒಂದು ಪಾಲು. ‘ಇಷ್ಟೇನಾ!’ ಎಂಬ ಉದ್ಗಾರ ಬಂತು. ಅವಧಿಗೆ ಮುಂಚೆ ಹುಟ್ಟಿದ ಶಿಶುಗಳಿಗೂ ಆಸ್ಪತ್ರೆಗಳಲ್ಲಿ ಇದೇ ತತ್ತ್ವದಿಂದ, ಉಸಿರು ಹೊರಹೋಗುವ ಕೊಳವೆಯನ್ನು ನೀರಿನಲ್ಲಿ ಮುಳುಗಿಸಿಟ್ಟು, ಒತ್ತಡ ಕೊಡುತ್ತಾರೆ ಎಂದು ತಿಳಿಸಿದೆ.

ವಿವರಣೆ: ಹಲಗೆಯ ಚಿತ್ರದಲ್ಲಿ ಮೇಲಿನ ದಾರಿ, ಕೆಳಗಿನ ದಾರಿಗಳನ್ನು ಎರಡು ಬಣ್ಣದ ಸೀಮೆಸುಣ್ಣದಲ್ಲಿ ಗುರುತಿಸಿದೆವು. ಆರಂಭದಲ್ಲಿ ಬರೆದ ಮೂರು ಉತ್ತರಗಳನ್ನು ಮಕ್ಕಳೇ ಅಳಿಸಿ ‘ಒತ್ತಡ’ ಎಂದು ಬರೆದರು. ನಂತರ ಕರೆಂಟಿನ ಪ್ರಶ್ನೆಗೆ ಬಂದೆವು. ಮಾಸ್ಕಿನ ರಂಧ್ರಗಳ ಬಗ್ಗೆ ಹೇಳುವಾಗ ಮಾತ್ರ ಆ ಹುಡುಗಿ, “ಹೌದು ಮಿಸ್, ಅಲ್ಲಿ ಗಾಳಿ ಬರತ್ತೆ, ಕೈ ಇಟ್ಟು ನೋಡಿದೀನಿ” ಎಂದಳು.

ವಿಸ್ತರಣೆ: ‘ಇನ್‌ಹೇಲರ್ ಅಭ್ಯಾಸ ಆಗಿಬಿಡುತ್ತಂತೆ’, ‘ಮೃಗಶಿರ ಮಳೆ ಕೂಡಿದ ದಿನ ಹೈದರಾಬಾದಿನಲ್ಲಿ ಮೀನಿನ ಔಷಧಿ ಕೊಡ್ತಾರಂತೆ’ ಎಂಬ ಮಾತುಗಳು ಬಂದವು. ಮೊದಲನೆಯದಕ್ಕೆ, ಇನ್‌ಹೇಲರ್ ಚಟವಾಗುವಂಥದ್ದಲ್ಲ. ಔಷಧಿ ನೇರವಾಗಿ ಕೊಳವೆಗೇ ಹೋಗುವುದರಿಂದ ಮಾತ್ರೆಗಿಂತ ಬಹಳ ಕಡಿಮೆ, ಮೈಕ್ರೋಗ್ರಾಂ ಲೆಕ್ಕದಲ್ಲಿ ಸಾಕಾಗುತ್ತದೆ ಎಂದೆ. ಎರಡನೆಯದಕ್ಕೆ, ಅಲ್ಲಿಗೆ ಹೋಗುವವರನ್ನು ಹಗುರವಾಗಿ ಮಾತನಾಡಲಿಲ್ಲ. ಯಾವುದೇ ನಂಬಿಕೆಯಿರಲಿ, ವೈದ್ಯರು ಬರೆದ ಇನ್‌ಹೇಲರ್ ನಿಲ್ಲಿಸಬಾರದು, ನಿಲ್ಲಿಸಿದರೆ ಅಪಾಯ ಎಂದಷ್ಟೇ ಸ್ಪಷ್ಟವಾಗಿ ಹೇಳಿದೆ.

ತರಗತಿಯಲ್ಲಿ ಯಾರಿಗಾದರೂ ಉಬ್ಬಸ ಬಂದರೆ ಮಾಡಬೇಕಾದ್ದನ್ನು ಮಕ್ಕಳು ಅಭಿನಯಿಸಿ ತೋರಿಸಿದರು: ಮಲಗಿಸಬಾರದು, ನೇರವಾಗಿ ಕೂರಿಸಬೇಕು. ಸುತ್ತ ಗುಂಪು ಸೇರಬಾರದು. ಅವರದೇ ಇನ್‌ಹೇಲರ್ ಅನ್ನು ವೈದ್ಯರು ಹೇಳಿದಂತೆ ತೆಗೆದುಕೊಳ್ಳಲು ನೆರವಾಗಬೇಕು. ಮಾತನಾಡಲೂ ಆಗದಷ್ಟು ಏದುಸಿರಿದ್ದರೆ, ತುಟಿ ನೀಲಿಯಾದರೆ, ಔಷಧಿಗೆ ಬಗ್ಗದಿದ್ದರೆ ತಡಮಾಡದೆ 108ಕ್ಕೆ ಕರೆ ಮಾಡಬೇಕು.

ಮೌಲ್ಯಮಾಪನ

ಕೊನೆಯ ಐದು ನಿಮಿಷದಲ್ಲಿ ಮೂರು ಪ್ರಶ್ನೆ ಕೊಟ್ಟೆ. ‘ಸಿಪ್ಯಾಪ್ ಯಾವ ದಾರಿಗೆ, ಇನ್‌ಹೇಲರ್ ಯಾವ ದಾರಿಗೆ?’ ಎಂಬುದಕ್ಕೆ ಹೆಚ್ಚಿನವರು ಸರಿಯಾಗಿ ಬರೆದರು. ‘ಕೊಳವೆಯ ತ್ರಿಜ್ಯ ಮೂರನೇ ಒಂದು ಪಾಲಾದರೆ ತಡೆ ಎಷ್ಟು ಪಟ್ಟು?’ ಎಂಬುದಕ್ಕೆ ಕೆಲವರು 9 ಎಂದರು, ಸರಿಯುತ್ತರ 81. ನಾಲ್ಕನೇ ಘಾತವನ್ನು ಇನ್ನೂ ನಿಧಾನವಾಗಿ ಮಾಡಿಸಬೇಕಿತ್ತು. ‘ಅಸ್ತಮಾ ಇರುವ ಗೆಳೆಯನನ್ನು ಆಟಕ್ಕೆ ಸೇರಿಸಿಕೊಳ್ಳಬಹುದೇ?’ ಎಂಬುದಕ್ಕೆ ಬಹಳ ಮಂದಿ ‘ಬೇಡ’ ಎಂದು ಬರೆದಿದ್ದರು. ಅಸ್ತಮಾ ಹತೋಟಿಯಲ್ಲಿದ್ದರೆ ಆಟ ಆಡಬಹುದು, ಆಡಬೇಕು. ಇದನ್ನು ಪಾಠದೊಳಗೇ ಹೇಳದಿದ್ದದ್ದು ನನ್ನ ಲೋಪ, ಮರುದಿನ ಹೇಳಿದೆ.

ಅವಲೋಕನ

ಸಹಪಾಠಿ ವೀಕ್ಷಕರು ಮೂರು ಅಂಶ ಗುರುತಿಸಿದರು. ಒಂದು, ಮೂರು ಚಟುವಟಿಕೆಗಳಿಗೆ 40 ನಿಮಿಷ ಸಾಲದು. ಎರಡು ಅವಧಿಗೆ ಹಂಚುವುದು ಮೇಲು. ಎರಡು, ಊದುವ ಚಟುವಟಿಕೆಗೆ ಮೊದಲು ‘ಉಬ್ಬಸ ಇದ್ದವರು ಮಾಡಬೇಡಿ’ ಎಂದು ನಾನು ಎಲ್ಲರೆದುರು ಹೇಳಿದಾಗ ಒಬ್ಬ ಹುಡುಗ ತಲೆ ತಗ್ಗಿಸಿದ್ದ. ಅವನ ಬ್ಯಾಗಿನಲ್ಲಿ ಇನ್‌ಹೇಲರ್ ಇತ್ತು ಎಂದು ಆಮೇಲೆ ತಿಳಿಯಿತು. ‘ಊದುವ ಕೆಲಸಕ್ಕೆ ಇಬ್ಬರು ಬನ್ನಿ, ಉಳಿದವರು ಅಳೆಯಿರಿ, ಎಣಿಸಿರಿ’ ಎಂದಿದ್ದರೆ ಯಾರನ್ನೂ ಬೆರಳು ಮಾಡಿ ತೋರಿಸಿದಂತಾಗುತ್ತಿರಲಿಲ್ಲ. ಬಾಯಿಗಿಡುವ ಸ್ಟ್ರಾಗಳನ್ನು ಒಬ್ಬರದು ಇನ್ನೊಬ್ಬರು ಬಳಸದಂತೆಯೂ ನೋಡಿಕೊಳ್ಳಬೇಕು. ಮೂರು, ತಪ್ಪನ್ನು ಒಪ್ಪಿಕೊಂಡು ಆರಂಭಿಸಿದ್ದರಿಂದ ತರಗತಿ ಸಡಿಲವಾಗಲಿಲ್ಲ, ಪ್ರಶ್ನೆಗಳು ಹೆಚ್ಚಾದವು.

ಮುಂದಿನ ವಾರ ಆ ಹುಡುಗಿ ಸ್ಟಾಫ್ ರೂಮಿನ ಬಾಗಿಲಿಗೆ ಬಂದಳು. ಬಾಟಲಿ, ಸ್ಟ್ರಾ ಇಟ್ಟುಕೊಂಡು ಅಮ್ಮನಿಗೂ ಪ್ರಯೋಗ ಮಾಡಿ ತೋರಿಸಿದಳಂತೆ. ವೈದ್ಯರ ಬಳಿ ಹೋದಾಗ ತಾಯಿ ಕರೆಂಟಿನ ಪ್ರಶ್ನೆ ಕೇಳಿ ಖಾತ್ರಿ ಮಾಡಿಕೊಂಡರಂತೆ. “ಮೊನ್ನೆ ರಾತ್ರಿ ಕರೆಂಟ್ ಹೋಗಿತ್ತಂತೆ ಮಿಸ್. ಅಮ್ಮನೇ ಎದ್ದು ಮಾಸ್ಕ್ ತೆಗೆದಿಟ್ಟು ಮಲಗಿದ್ರಂತೆ. ನಂಗೆ ಬೆಳಿಗ್ಗೆ ಗೊತ್ತಾಯ್ತು.”

ಉಸಿರಾಟ, ಜೀರ್ಣಕ್ರಿಯೆ, ರಕ್ತಪರಿಚಲನೆ ಇವೆಲ್ಲ ಮಕ್ಕಳ ಮನೆಯಲ್ಲಿ ಯಾರದೋ ಕಾಯಿಲೆಯಾಗಿ ಈಗಾಗಲೇ ಇರುವ ಪಾಠಗಳು. ಈ ಘಟಕ ಕಲಿಸಲಿರುವ ಪ್ರಶಿಕ್ಷಣಾರ್ಥಿಗಳಲ್ಲಿ ನನ್ನ ವಿನಂತಿ ಇಷ್ಟೆ. ಪಾಠ ಯೋಜನೆ ಬರೆಯುವಾಗಲೇ, ಇದರ ಬಗ್ಗೆ ಮನೆಯಿಂದ ಯಾವ ಪ್ರಶ್ನೆ ಬರಬಹುದು ಎಂದು ಒಂದು ಸಾಲು ಬರೆದುಕೊಂಡು ಉತ್ತರ ಹುಡುಕಿಟ್ಟುಕೊಳ್ಳಿ. ಆದರೂ ಗೊತ್ತಿಲ್ಲದ ಪ್ರಶ್ನೆ ಬಂದರೆ ‘ನೋಡಿ ಹೇಳ್ತೀನಿ’ ಎನ್ನಿ, ಮರುದಿನ ತಪ್ಪದೆ ಹೇಳಿ.